ಲವಾಸಿಯೆಯ ತಕ್ಕಡಿ ಮತ್ತು ದಹನದ ವಿಚಾರ

ಹದಿನೆಂಟನೆಯ ಶತಮಾನದ ಬಹುಮಂದಿ ರಸಾಯನಜ್ಞರು, ಉರಿಯುವ ವಸ್ತುಗಳಲ್ಲೆಲ್ಲ 'ಫ್ಲಾಜಿಸ್ಟನ್' ಎಂಬ ದ್ರವ್ಯವು ಅಡಗಿದ್ದು ದಹನಕಾಲದಲ್ಲಿ ಹೊರಬೀಳುವುದೆಂದು ನಂಬಿದ್ದರು. ಜರ್ಮನಿಯ ಸ್ಟಾಲನು ಬೆಳೆಸಿದ ಈ ವಾದಕ್ಕೆ ಒಂದು ತೊಡಕಿದ್ದಿತು: ಲೋಹವನ್ನು ಕಾಸಿ ಭಸ್ಮಮಾಡಿದರೆ ಅದರ ತೂಕವು ಕುಗ್ಗದೆ ಹೆಚ್ಚುತ್ತಿದ್ದಿತು. ಏನನ್ನೋ ಕಳೆದುಕೊಂಡ ವಸ್ತುವು ಹೆಚ್ಚು ಭಾರವಾಗುವುದೆಂತು?

1774ರ ಆಗಸ್ಟ್ 1ರಂದು ಇಂಗ್ಲೆಂಡಿನ ಪ್ರೀಸ್ಟ್ಲಿಯು ಪಾದರಸದ ಕೆಂಪು ಭಸ್ಮವನ್ನು ಮಸೂರದ ಮೂಲಕ ಬಿಸಿಲಿನಿಂದ ಕಾಸಿ, ಬತ್ತಿಯನ್ನು ಪ್ರಖರವಾಗಿ ಉರಿಸುವ ಒಂದು ಅನಿಲವನ್ನು ಪಡೆದನು. ಸ್ವೀಡನ್ನಿನ ಷೀಲೆಯು ಅದಕ್ಕೂ ಮೊದಲೇ ಇದನ್ನು ಪಡೆದಿದ್ದರೂ ಅವನ ಗ್ರಂಥವು ಅಚ್ಚಾದುದು 1777ರಲ್ಲಿ. ಇಬ್ಬರೂ ಹಳೆಯ ವಾದವನ್ನು ಬಿಡಲಿಲ್ಲ. ಪ್ರೀಸ್ಟ್ಲಿಯಿಂದ ವಿಷಯವನ್ನು ತಿಳಿದ ಫ್ರಾನ್ಸಿನ ಲವಾಸಿಯೆಯು, ಮುಚ್ಚಿದ ಪಾತ್ರೆಗಳಲ್ಲಿ ಪ್ರಯೋಗ ನಡೆಸಿ, ಪ್ರತಿಯೊಂದನ್ನೂ ತೂಗಿ, ದಹನವೆಂಬುದು ವಾಯುವಿನ ಈ ಅಂಶದೊಡನೆ ಆಗುವ ಸಂಯೋಗವೆಂದು ಸ್ಥಾಪಿಸಿದನು. ಹೆಚ್ಚಿದ ತೂಕವು ಆ ಅನಿಲದ್ದೇ ಆಗಿದ್ದಿತು.

ಆದುದರಿಂದ ಈ ಅನಿಲವನ್ನು ಕಂಡುಹಿಡಿದವರಾರೆಂಬ ಪ್ರಶ್ನೆಗೆ ಒಂದೇ ಹೆಸರು ಸಾಲದು: ಮೂವರಲ್ಲಿ ಮೊದಲು ಪಡೆದವನು ಷೀಲೆ, ಮೊದಲು ಪ್ರಕಟಿಸಿದವನು ಪ್ರೀಸ್ಟ್ಲಿ, ಅರ್ಥವನ್ನು ಕಂಡವನು ಲವಾಸಿಯೆ. ಆದರೂ ಆಮ್ಲಗಳೆಲ್ಲಕ್ಕೂ ಇದೇ ಮೂಲವೆಂದು ಲವಾಸಿಯೆಯು ಭಾವಿಸಿದುದು ತಪ್ಪೆಂದು ಮುಂದೆ ಡೇವಿಯು ತೋರಿಸಿದನು. ನಾವು ಬಳಸುವ 'ಆಮ್ಲಜನಕ'ವೆಂಬ ಪದದಲ್ಲಿ ಆ ತಪ್ಪು ಇಂದಿಗೂ ಉಳಿದಿದೆ.