ಉತ್ತರ ಬಂದರೆ ಲೆಕ್ಕ ಮುಗಿಯಿತೇ?

ಹೂಡಿ ಸರ್ಕಲ್‌ನಿಂದ ಐಟಿಪಿಎಲ್ ಕಡೆಗೆ ಹೊರಟರೆ ಪಿಜಿ ಬೋರ್ಡುಗಳ ನಡುವೆ ಟ್ಯೂಷನ್ ಬೋರ್ಡುಗಳೂ ಕಣ್ಣಿಗೆ ಬೀಳುತ್ತವೆ. ಪಿಯುಸಿ, ಸಿಇಟಿ, ಜೆಇಇ ಓದುವ ಮಕ್ಕಳ ಮನೆಯಲ್ಲಿ ಒಂದು ಮಾತು ಸಾಮಾನ್ಯ: ‘ಪಾಠವೆಲ್ಲ ಅರ್ಥವಾಗುತ್ತೆ, ಪ್ರಾಬ್ಲಂ ಮಾತ್ರ ಬರಲ್ಲ.’ ಬಿ.ಇ., ಬಿ.ಎಸ್ಸಿ.ಗೆ ಹೋದ ಮೇಲೂ ಈ ಗೋಳು ತಪ್ಪುವುದಿಲ್ಲ. ಇದಕ್ಕೆ ಹಿರಿಯರು, ಗೆಳೆಯರು, ಸೀನಿಯರ್‌ಗಳು ಹೇಳುವ ಮದ್ದುಗಳು ಹಲವು. ಅವುಗಳಲ್ಲಿ ಎಷ್ಟು ನಿಜ, ಎಷ್ಟು ಬರೀ ನಂಬಿಕೆ?

ತಪ್ಪು ಕಲ್ಪನೆ: ಸೂತ್ರ ಬಾಯಿಪಾಠವಿದ್ದರೆ ಲೆಕ್ಕ ತಾನಾಗಿ ಬರುತ್ತದೆ

ಸತ್ಯ: ಸೂತ್ರ ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದೂ ಗೊತ್ತಿರಬೇಕು. ಲೀಟರಿಗೆ 10⁻³ ಮೋಲ್ ಹೈಡ್ರೋಕ್ಲೋರಿಕ್ ಆಮ್ಲವಿರುವ ದ್ರಾವಣದ ಪಿಎಚ್ 3. ಹಾಗಾದರೆ 10⁻⁸ ಮೋಲ್ ಇದ್ದರೆ? ಸೂತ್ರ ಉರು ಹೊಡೆದವರು ಥಟ್ಟನೆ 8 ಎನ್ನುತ್ತಾರೆ. ಪಿಎಚ್ 8 ಎಂದರೆ ಪ್ರತ್ಯಾಮ್ಲ. ಆಮ್ಲಕ್ಕೆ ಎಷ್ಟು ನೀರು ಸುರಿದರೂ ಅದು ಪ್ರತ್ಯಾಮ್ಲವಾಗುವುದುಂಟೇ?

ಎಡವಿದ್ದು ಇಲ್ಲಿ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ನೀರೇ ಲೀಟರಿಗೆ 10⁻⁷ ಮೋಲ್ ಹೈಡ್ರೋಜನ್ ಅಯಾನು ಕೊಡುತ್ತದೆ. ಆಮ್ಲ ಕೊಡುವುದು ಅದರ ಹತ್ತನೇ ಒಂದು ಪಾಲು ಮಾತ್ರ. ಎರಡನ್ನೂ ಸುಮ್ಮನೆ ಕೂಡಿಸಿದರೆ 6.96 ಬರುತ್ತದೆ, ಅದೂ ತಪ್ಪು. ಆಮ್ಲ ಬಿದ್ದಾಗ ನೀರಿನ ವಿಯೋಜನೆ ಸ್ವಲ್ಪ ತಗ್ಗುತ್ತದೆ. ಒಟ್ಟು ಹೈಡ್ರೋಜನ್ ಅಯಾನುಗಳನ್ನು x ಎಂದಿಟ್ಟು x(x − 10⁻⁸) = 10⁻¹⁴ ಎಂಬ ವರ್ಗ ಸಮೀಕರಣ ಬಿಡಿಸಿದರೆ x = 1.05 × 10⁻⁷, ಪಿಎಚ್ ಸುಮಾರು 6.98. ಏಳಕ್ಕಿಂತ ಕೂದಲೆಳೆಯಷ್ಟು ಕಡಿಮೆ. ರಸಾಯನಶಾಸ್ತ್ರ ಬರೀ ಬಾಯಿಪಾಠದ ವಿಷಯ ಎನ್ನುವವರಿಗೂ ಈ ಒಂದು ಲೆಕ್ಕ ಸಾಕು.

ತಪ್ಪು ಕಲ್ಪನೆ: ಬೇಕಾದ ಸಂಖ್ಯೆ ಕೊಟ್ಟಿಲ್ಲದಿದ್ದರೆ ಪ್ರಶ್ನೆಯೇ ತಪ್ಪು

ಸತ್ಯ: ಬೇಕೆಂದುಕೊಂಡದ್ದು ಎಷ್ಟೋ ಸಲ ಬೇಕಾಗಿಯೇ ಇರುವುದಿಲ್ಲ. 2023ರ ಮಾರ್ಚ್‌ನಿಂದ ಹೂಡಿಗೆ ಮೆಟ್ರೊ ಇದೆ. ರೈಲು ನಿಲ್ದಾಣಕ್ಕೆ ಬಂದು ಬ್ರೇಕ್ ಹಾಕುವಾಗ ಬ್ಯಾಗಿಗೆ ನೇತುಹಾಕಿದ ಕೀಗೊಂಚಲನ್ನು ನೋಡಿ, ಅದು ಮುಂದಕ್ಕೆ ವಾಲುತ್ತದೆ. ರೈಲಿನ ವೇಗ ಪ್ರತಿ ಸೆಕೆಂಡಿಗೂ 1 m/s ನಷ್ಟು ಇಳಿಯುತ್ತಿದೆ (a = 1 m/s²) ಎಂದಿಟ್ಟುಕೊಳ್ಳೋಣ. ಗೊಂಚಲು ಎಷ್ಟು ಕೋನದಲ್ಲಿ ನಿಲ್ಲುತ್ತದೆ?

‘ಗೊಂಚಲಿನ ದ್ರವ್ಯರಾಶಿ ಕೊಟ್ಟಿಲ್ಲವಲ್ಲ ಸಾರ್’ ಎಂದು ಪೆನ್ ಕೆಳಗಿಡುವವರಿದ್ದಾರೆ. ಇಡಬೇಡಿ. m ಎಂದೇ ಬರೆದು ಚಿತ್ರ ಹಾಕಿ. ದಾರದ ಎಳೆತದ ಲಂಬ ಭಾಗ mg, ಅಡ್ಡ ಭಾಗ ma. ಭಾಗಿಸಿದರೆ m ಹೊಡೆದುಹೋಗಿ tan θ = a/g ಉಳಿಯುತ್ತದೆ. 1 ಭಾಗ 9.8, ಅಂದರೆ ಸುಮಾರು 0.1, ಕೋನ ಆರು ಡಿಗ್ರಿಯ ಹತ್ತಿರ. ಒಂದು ಕೀ ಇದ್ದರೂ ಹತ್ತು ಕೀ ಇದ್ದರೂ ವಾಲುವುದು ಅಷ್ಟೇ.

ಈಗ ಉತ್ತರವನ್ನು ಕೆಣಕಿ ನೋಡಿ. ಬ್ರೇಕ್ ಹಾಕದಿದ್ದರೆ a ಸೊನ್ನೆ, ಕೋನವೂ ಸೊನ್ನೆ. ಸರಿ. ಗುರುತ್ವ ಕಡಿಮೆಯಿರುವ ಚಂದ್ರನ ಮೇಲಾದರೆ ಹೆಚ್ಚು ವಾಲಬೇಕು. ಅದೂ ಸರಿ. a, g ಎರಡರ ಏಕಮಾನವೂ ಒಂದೇ, ಆದ್ದರಿಂದ ಅನುಪಾತಕ್ಕೆ ಏಕಮಾನವಿಲ್ಲ. ಈ ಮೂರು ಪರೀಕ್ಷೆಗೆ ಅರ್ಧ ನಿಮಿಷ ಸಾಕು. ಸಂಖ್ಯೆಗಳನ್ನು ಮೊದಲ ಸಾಲಿನಲ್ಲೇ ತುಂಬಿದವರಿಗೆ ಈ ಅನುಕೂಲ ಸಿಗುವುದಿಲ್ಲ.

ತಪ್ಪು ಕಲ್ಪನೆ: ಕ್ಯಾಲ್ಕುಲೇಟರ್ ತೋರಿಸಿದರೆ ಸಾಬೀತಾದಂತೆ

ಸತ್ಯ: 1 + 1/2 + 1/3 + 1/4... ಎಂದು ಕೂಡಿಸುತ್ತ ಹೋಗಿ. ಮೊತ್ತ 10 ದಾಟಲು 12,367 ಪದಗಳು ಬೇಕು. ಹತ್ತು ಲಕ್ಷ ಪದ ಕೂಡಿಸಿದರೂ ಸಿಗುವುದು 14.39. ಇನ್ನೇನು ನಿಂತೇಹೋಗುತ್ತದೆ ಅನ್ನಿಸುತ್ತದೆ. ಆದರೆ 1/3 + 1/4 ಅರ್ಧಕ್ಕಿಂತ ಹೆಚ್ಚು, ಮುಂದಿನ ನಾಲ್ಕು ಪದಗಳೂ ಸೇರಿ ಅರ್ಧಕ್ಕಿಂತ ಹೆಚ್ಚು, ಅದರ ಮುಂದಿನ ಎಂಟೂ ಹಾಗೆಯೇ. ಅರ್ಧ ಅರ್ಧ ಸೇರುತ್ತಲೇ ಇದ್ದರೆ ಮೊತ್ತಕ್ಕೆ ಮಿತಿಯೆಲ್ಲಿ? ಹದಿನಾಲ್ಕನೇ ಶತಮಾನದ ಫ್ರೆಂಚ್ ವಿದ್ವಾಂಸ ಒರೆಮ್ ಕೊಟ್ಟ ವಾದವಿದು.

ತಪ್ಪು ಕಲ್ಪನೆ: ಬಿಡಿಸಿದ ಲೆಕ್ಕಗಳನ್ನು ಹೆಚ್ಚು ಹೆಚ್ಚು ನೋಡಿದರೆ ಸಾಕು

ಸತ್ಯ: ನೋಡುವಾಗ ಎಲ್ಲವೂ ಸುಲಭ. 1981ರಲ್ಲಿ ಸಂಶೋಧಕಿ ಮಿಶೆಲೀನ್ ಚಿ ಮತ್ತು ಸಂಗಡಿಗರು ಅಮೆರಿಕದಲ್ಲಿ ಭೌತಶಾಸ್ತ್ರದ ಲೆಕ್ಕಗಳನ್ನು ಕೊಟ್ಟು, ಗುಂಪು ಮಾಡಿ ಎಂದರು. ಹೊಸಬರು ಇಳಿಜಾರು ಹಲಗೆಯವನ್ನೆಲ್ಲ ಒಂದು ಕಡೆ, ಸ್ಪ್ರಿಂಗಿನವನ್ನೆಲ್ಲ ಇನ್ನೊಂದು ಕಡೆ ಇಟ್ಟರು. ಪಳಗಿದವರು ಶಕ್ತಿ ಸಂರಕ್ಷಣೆಯ ಲೆಕ್ಕ, ನ್ಯೂಟನ್ನನ ಎರಡನೇ ನಿಯಮದ ಲೆಕ್ಕ ಎಂದು ವಿಂಗಡಿಸಿದರು. ಪುಟ ಮುಚ್ಚಿಟ್ಟು, ‘ಇಲ್ಲಿ ಯಾವ ತತ್ವ, ಏಕೆ?’ ಎಂದು ತಾವೇ ಕೇಳಿಕೊಂಡವರಿಗೆ ಪಳಗಿದವರ ಆ ಕಣ್ಣು ಬರುತ್ತದೆ.

ತಪ್ಪು ಕಲ್ಪನೆ: ಪುಸ್ತಕದಲ್ಲಿದ್ದರೆ ಸರಿಯೇ

ಸತ್ಯ: 2024ರ ನೀಟ್‌ನಲ್ಲಿ ಪರಮಾಣುಗಳ ಬಗ್ಗೆ ಬಂದ ಒಂದು ಪ್ರಶ್ನೆ ಸುಪ್ರೀಂ ಕೋರ್ಟ್ ತನಕ ಹೋಯಿತು. ಎಲ್ಲ ಧಾತುಗಳ ಪರಮಾಣುಗಳೂ ಸ್ಥಿರ ಎಂಬ ಅರ್ಥದ ಮಾತು ಹಳೆಯ ಎನ್‌ಸಿಇಆರ್‌ಟಿ ಪುಸ್ತಕದಲ್ಲಿತ್ತು. ವಿಕಿರಣಶೀಲ ಧಾತುಗಳು ಸ್ಥಿರವಲ್ಲವಲ್ಲ! ದೆಹಲಿ ಐಐಟಿಯ ತಜ್ಞರು ಒಂದೇ ಉತ್ತರ ಸರಿ ಎಂದ ಮೇಲೆ ಲಕ್ಷಾಂತರ ಮಕ್ಕಳ ಅಂಕ ಬದಲಾಯಿತು.

ದೊಡ್ಡವರೂ ತಪ್ಪಿದ್ದುಂಟು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಗುರುತಿಸಿದವನು. ಅವನೇ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದೂ ಬರೆದ. x² = 3x ಎಂಬಲ್ಲಿ ಎರಡೂ ಕಡೆ x ಹೊಡೆದುಹಾಕಿ, x = 0 ಎಂಬ ಉತ್ತರವನ್ನು ಕಳೆದುಕೊಳ್ಳುವವರಿಗೆ ಸೊನ್ನೆ ಇಂದಿಗೂ ಅದೇ ಗುಂಡಿ.

ತಪ್ಪು ಕಲ್ಪನೆ: ಬೇಗ ಬಿಡಿಸುವವರೇ ಜಾಣರು

ಸತ್ಯ: ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಒಂದಕ್ಕೆ 80 ಸೆಕೆಂಡ್. ಅಲ್ಲಿ ವೇಗ ಬೇಕು, ಅದನ್ನು ಅಭ್ಯಾಸದಿಂದ ಗಳಿಸಲೂಬಹುದು. ಆದರೆ ಅದು ಪರೀಕ್ಷೆಯ ನಿಯಮ, ವಿಜ್ಞಾನದ್ದಲ್ಲ. ಫರ್ಮಾನ ಕೊನೆಯ ಪ್ರಮೇಯಕ್ಕೆ ಗಣಿತಜ್ಞ ಆಂಡ್ರ್ಯೂ ವೈಲ್ಸ್ ಏಳು ವರ್ಷ ಕೂತರು. 1993ರಲ್ಲಿ ಘೋಷಿಸಿದ ಮೇಲೆ ಸಾಧನೆಯಲ್ಲಿ ಲೋಪ ಕಂಡಿತು, ಸರಿಪಡಿಸಲು 1994 ಬರಬೇಕಾಯಿತು.

‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎನ್ನುತ್ತದೆ ಗಾದೆ. ಲೆಕ್ಕದಲ್ಲಿ ಆ ಮುಕ್ಕಾಲಿಗೆ ಕೆಲಸ ಶುರುವಾಗುವುದು ಉತ್ತರ ಬಂದ ಮೇಲೆ. ದಿನಕ್ಕೆ ಐವತ್ತು ಲೆಕ್ಕ ಮುಗಿಸುವ ಹಟ ಬಿಟ್ಟು ಹತ್ತನ್ನೇ ಬಿಡಿಸಿ. ಪ್ರತಿಯೊಂದರ ಕೆಳಗೂ ಒಂದು ಸಾಲು ಬರೆಯಿರಿ: ಈ ಉತ್ತರವನ್ನು ನಾನು ಏಕೆ ನಂಬಬೇಕು?