ಸಿಸ್ಸಿಂಗ್‌ಹರ್ಸ್ಟ್: ಗುಲಾಬಿಯ ಬೆನ್ನಿಗೆ ನಿಂತ ಬೇಲಿ

ಇಂಗ್ಲೆಂಡಿನ ಕೆಂಟ್ ಸೀಮೆಯ ಸಿಸ್ಸಿಂಗ್‌ಹರ್ಸ್ಟ್ ತೋಟಕ್ಕೆ ಬೇಸಿಗೆಯಲ್ಲಿ ಜನ ಹೋಗುವುದು ಗುಲಾಬಿಗಾಗಿ. ಅಲ್ಲಿರುವ ಹಳೆಯ ತಳಿಗಳಲ್ಲಿ ಬಹುಪಾಲು ವರ್ಷಕ್ಕೊಂದೇ ಸಲ ಹೂ ಬಿಡುವಂಥವು. ಜೂನ್ ನಡುವಿನಿಂದ ಜುಲೈ ಮೊದಲ ದಿನಗಳವರೆಗೆ ಅರಳಿ, ಉದುರಿ, ಮುಂದಿನ ವರ್ಷದವರೆಗೆ ಸುಮ್ಮನಾಗುತ್ತವೆ. ಈ ಕೆಲವು ವಾರಗಳ ವೈಭವವನ್ನು ಮುಂದಿಟ್ಟುಕೊಂಡೇ ಸಿಸ್ಸಿಂಗ್‌ಹರ್ಸ್ಟನ್ನು ಒಬ್ಬ ಕವಯಿತ್ರಿಯ ಹೂದೋಟವೆಂದು ಪರಿಚಯಿಸುವುದು ವಾಡಿಕೆ. ಕವಯಿತ್ರಿ ವೀಟಾ ಸ್ಯಾಕ್‌ವಿಲ್-ವೆಸ್ಟ್. ವರ್ಜೀನಿಯಾ ವುಲ್ಫ್ ಅವರ ‘ಒರ್ಲಾಂಡೊ’ ಕಾದಂಬರಿಗೆ ಪ್ರೇರಣೆಯಾದವರು ಎಂದರೆ ನಮ್ಮ ಓದುಗರಲ್ಲಿ ಅನೇಕರಿಗೆ ಗುರುತು ಹತ್ತೀತು. ಈ ಪರಿಚಯ ಸುಳ್ಳಲ್ಲ, ಆದರೆ ಅರ್ಧದ್ದು. ಹೂವಿನ ಆಯ್ಕೆ ವೀಟಾ ಅವರದಾದರೆ ಗೋಡೆ, ಬೇಲಿ, ದಾರಿಗಳ ಗೆರೆ ಎಳೆದವರು ಅವರ ಪತಿ, ರಾಜತಾಂತ್ರಿಕ ಹೆರಾಲ್ಡ್ ನಿಕೋಲ್ಸನ್. ಆ ಗೆರೆ ಅಷ್ಟು ಬಿಗಿಯಾಗಿರದಿದ್ದರೆ ವೀಟಾ ಅವರ ಹೂವುಗಳಿಗೆ ಅಷ್ಟು ಧಾರಾಳ ಸಾಧ್ಯವಾಗುತ್ತಲೇ ಇರಲಿಲ್ಲ ಎಂಬುದು ಈ ಲೇಖನದ ವಾದ.

ಇದಕ್ಕೆ ಮೊದಲ ಸಾಕ್ಷಿ ನೆಲವೇ. ದಂಪತಿ 1930ರಲ್ಲಿ ಕೊಂಡದ್ದು ಒಂದು ಹಾಳುಬಿದ್ದ ಜಾಗ. ಹದಿನಾರನೆಯ ಶತಮಾನದಲ್ಲಿ ಅಲ್ಲಿ ದೊಡ್ಡ ಬಂಗಲೆಯಿತ್ತು. 1573ರಲ್ಲಿ ಒಂದನೆಯ ಎಲಿಜಬೆತ್ ರಾಣಿ ಬಂದು ತಂಗಿದ್ದಳು. ಹದಿನೆಂಟನೆಯ ಶತಮಾನದ ಏಳು ವರ್ಷಗಳ ಯುದ್ಧದಲ್ಲಿ ಫ್ರೆಂಚ್ ಯುದ್ಧಕೈದಿಗಳ ಸೆರೆಮನೆಯಾಯಿತು, ಆಮೇಲೆ ಊರ ಬಡವರನ್ನು ಇರಿಸುವ ಮನೆಯಾಯಿತು, ಕೊನೆಗೆ ಒಂದು ಎತ್ತರದ ಗೋಪುರ, ಅಲ್ಲೊಂದು ಇಲ್ಲೊಂದು ಕಟ್ಟಡ, ಕೆಂಪು ಇಟ್ಟಿಗೆಯ ಕೆಲವು ಗೋಡೆ, ಹಳೆಯ ಕಂದಕದ ತುಣುಕು ಇಷ್ಟೇ ಉಳಿಯಿತು. ತೋಟ ಮಾಡುವವರಿಗೆ ಇದಕ್ಕಿಂತ ತರಲೆಯ ಜಾಗ ಸಿಗುವುದು ಕಷ್ಟ. ಗೋಡೆಗಳು ಒಂದಕ್ಕೊಂದು ಲಂಬವಾಗಿಲ್ಲ, ಅಂಗಳ ಚೌಕವಾಗಿಲ್ಲ, ಗೋಪುರ ಹೆಬ್ಬಾಗಿಲಿಗೆ ನೇರವಾಗಿಲ್ಲ, ಕಂದಕದ ಪಕ್ಕದ ಹಾದಿಯೂ ಓರೆ. ಹೆರಾಲ್ಡ್ ಗೂಟ, ಹಗ್ಗ, ಅಳತೆಯ ಕಾಗದ ಹಿಡಿದು ವರ್ಷಗಟ್ಟಲೆ ಹೆಣಗಿದ್ದು ಈ ಓರೆಗಳೊಂದಿಗೆ. ಎರಡು ಓರೆ ಗೆರೆಗಳು ಕೂಡದ ಕಡೆ ಯೂ ಮರದ ಎತ್ತರದ ಬೇಲಿ ಬೆಳೆಸಿ ಕಣ್ಣಿಗೆ ಬೀಳದಂತೆ ಮಾಡಿದರು. ಗುಲಾಬಿ ತೋಟದ ನಡುವೆ ಇದೇ ಬೇಲಿಯಿಂದ ಒಂದು ದೊಡ್ಡ ವೃತ್ತ ಕಟ್ಟಿದರು. ವೃತ್ತದೊಳಗೆ ಬರೀ ಹುಲ್ಲು. ಅದರೊಳಗೆ ಹೋದವರಿಗೆ ದಿಕ್ಕಿನ ಲೆಕ್ಕ ಮರೆಯುತ್ತದೆ, ಹೊರಗೆ ಬರುವಾಗ ಯಾವ ಗೋಡೆ ಎಷ್ಟು ಸೊಟ್ಟ ಎಂದು ಹೇಳಲಾಗುವುದಿಲ್ಲ. ಅಚ್ಚುಕಟ್ಟು ಇಲ್ಲಿ ಪ್ರತಿಷ್ಠೆಗಾಗಿ ಬಂದದ್ದಲ್ಲ, ಸಿಕ್ಕ ಜಾಗವನ್ನು ಸಂಭಾಳಿಸುವ ಉಪಾಯವಾಗಿ ಬಂದದ್ದು.

ಎರಡನೆಯ ಸಾಕ್ಷಿ ಆ ಸಂಸಾರದ ದಿನಚರಿ. ಇದ್ದ ಕಟ್ಟಡಗಳು ಚದುರಿಹೋಗಿದ್ದರಿಂದ ಮಲಗುವುದು ಒಂದು ಮೂಲೆಯ ಸೌತ್ ಕಾಟೇಜಿನಲ್ಲಿ, ಊಟ ಇನ್ನೊಂದು ಮೂಲೆಯ ಪ್ರೀಸ್ಟ್ಸ್ ಹೌಸಿನಲ್ಲಿ, ವೀಟಾ ಬರೆಯುವುದು ಗೋಪುರದ ಕೋಣೆಯಲ್ಲಿ. ಹಾಗಾಗಿ ಇಂಗ್ಲಿಷ್ ತೋಟಗಾರಿಕೆಯ ಬರಹಗಳಲ್ಲಿ ಸದಾ ಕೇಳುವ ‘ಗಾರ್ಡನ್ ರೂಮ್’ ಎಂಬುದು ಇಲ್ಲಿ ಅಲಂಕಾರದ ಮಾತಲ್ಲ. ಬೇಲಿಯ ನಡುವಿನ ಅಂಕಣಗಳು ನಿಜಕ್ಕೂ ಮನೆಯ ನಡುಮನೆ, ಪಡಸಾಲೆಗಳಾಗಿದ್ದವು. ಜಗತ್ತಿನಾದ್ಯಂತ ನಕಲಾಗಿರುವ ಇಲ್ಲಿನ ವೈಟ್ ಗಾರ್ಡನ್ ರೂಪುಗೊಂಡದ್ದು 1950ರ ಸುಮಾರಿಗೆ, ಊಟದ ಮನೆಯ ಎದುರಿನ ಅಂಕಣದಲ್ಲಿ. ರಾತ್ರಿ ಊಟ ಮುಗಿಸಿ ಮಲಗುವ ಕಡೆಗೆ ನಡೆಯುವ ದಾರಿ ಅದು. ಮಬ್ಬಿನಲ್ಲಿ ಕಣ್ಣಿಗೆ ಕಾಣುವ ಬಣ್ಣ ಬಿಳಿಯೇ. ಬೂದು ಎಲೆಯ ಗಿಡಗಳು, ಬಿಳಿ ಲಿಲ್ಲಿ, ಡೆಲ್ಫಿನಿಯಂ, ನಡುವಿನ ಚಪ್ಪರಕ್ಕೆ ಹಬ್ಬಿ ಜುಲೈ ಮೊದಲಲ್ಲಿ ಅರಳುವ ಮುಲಿಗಾನಿ ಗುಲಾಬಿ, ಎಲ್ಲವೂ ಬಿಳಿ. ಸೌತ್ ಕಾಟೇಜಿನ ಮುಂದೆ ಇದಕ್ಕೆ ತದ್ವಿರುದ್ಧ: ಕೆಂಪು, ಕಿತ್ತಳೆ, ಹಳದಿ, ಸಂಜೆ ಮುಗಿಲಿನ ಬಣ್ಣಗಳಷ್ಟೇ. ಬಯಲಲ್ಲಿ ಅಕ್ಕಪಕ್ಕ ನೆಟ್ಟಿದ್ದರೆ ಇವೆರಡೂ ಪರಸ್ಪರ ಕೆಡಿಸಿಕೊಳ್ಳುತ್ತಿದ್ದವು. ಒಂದು ಅಂಕಣದಲ್ಲಿ ನಿಂತವರಿಗೆ ಇನ್ನೊಂದು ಕಾಣದು ಎಂಬ ಭರವಸೆಯಿದ್ದುದರಿಂದಲೇ ವೀಟಾ ಇಂಥ ಹಟದ ಪ್ರಯೋಗಗಳಿಗೆ ಕೈಹಾಕಿದರು.

ಅಚ್ಚುಕಟ್ಟಿನ ತೋಟದ ಮೇಲಿನ ಆಕ್ಷೇಪಣೆ ಹಳೆಯದು, ಸುಲಭಕ್ಕೆ ತಳ್ಳಿಹಾಕುವಂಥದ್ದೂ ಅಲ್ಲ. 1870ರಲ್ಲಿ ವಿಲಿಯಂ ರಾಬಿನ್ಸನ್ ‘ದಿ ವೈಲ್ಡ್ ಗಾರ್ಡನ್’ ಬರೆದು, ಗಿಡಗಳನ್ನು ಅವುಗಳ ಸ್ವಭಾವಕ್ಕೆ ಬಿಡಬೇಕೆಂದು ವಾದಿಸಿದರು. ಅವರ ಸಿಟ್ಟು ಆ ಕಾಲದ ಸಿರಿವಂತರ ತೋಟಗಳ ಮೇಲೆ: ಪ್ರತಿ ಋತುವಿಗೂ ಸಾವಿರಾರು ಸಸಿ ತಂದು, ಒಂದೇ ಎತ್ತರಕ್ಕೆ ಕತ್ತರಿಸಿ, ನೆಲದ ಮೇಲೆ ಜಮಖಾನೆ ಹಾಸಿದ ಹಾಗೆ ನೆಡುವ ರೂಢಿ. ವಾಸ್ತುಶಿಲ್ಪಿ ರೆಜಿನಾಲ್ಡ್ ಬ್ಲೂಮ್‌ಫೀಲ್ಡ್ 1892ರಲ್ಲಿ ‘ದಿ ಫಾರ್ಮಲ್ ಗಾರ್ಡನ್ ಇನ್ ಇಂಗ್ಲೆಂಡ್’ ಬರೆದು, ತೋಟ ಮನೆಯ ಮುಂದುವರಿಕೆ, ಅದಕ್ಕೂ ಗೋಡೆ-ಗೆರೆ ಬೇಕು ಎಂದು ತಿರುಗಿಬಿದ್ದರು. ಈ ಜಗಳದಲ್ಲಿ ರಾಬಿನ್ಸನ್ ಹೇಳಿದ್ದರಲ್ಲಿ ಬಹಳಷ್ಟು ನಿಜ. ಆದರೆ ಅವರು ಸಿಟ್ಟಾದದ್ದು ಗಿಡವನ್ನೇ ಗೆರೆಯಾಗಿಸುವ ಚಟದ ಮೇಲೆ. ಸಿಸ್ಸಿಂಗ್‌ಹರ್ಸ್ಟಿನಲ್ಲಿ ಗೆರೆ ಬೇಲಿಗೆ ಮಾತ್ರ. ಒಳಗಿನ ಗಿಡ ಹಾದಿಯ ಮೇಲೆ ಚೆಲ್ಲಬಹುದು, ತಾನಾಗಿ ಬಿದ್ದ ಬೀಜ ಕಲ್ಲಿನ ಸಂದಿಯಲ್ಲಿ ಮೊಳೆಯಬಹುದು. ಭಾಮಿನಿ ಷಟ್ಪದಿಯ ಮಾತ್ರೆಯ ಲೆಕ್ಕ ಎಳ್ಳಷ್ಟೂ ಸಡಿಲವಾಗದು, ಆದರೂ ಕುಮಾರವ್ಯಾಸನ ಮಾತಿನ ಭರಾಟೆಗೆ ಅದರಿಂದ ಅಡ್ಡಿಯಾಗಲಿಲ್ಲ. ಹೆರಾಲ್ಡ್ ಎಳೆದ ಗೆರೆಗೂ ವೀಟಾ ನೆಟ್ಟ ಗಿಡಕ್ಕೂ ಇರುವ ಸಂಬಂಧ ಆ ಬಗೆಯದು.

ಎರಡನೆಯ ಮಹಾಯುದ್ಧ ಈ ವಾದವನ್ನು ಪರೀಕ್ಷೆಗೆ ಒಡ್ಡಿತು. 1939ರಲ್ಲಿ ಮುಖ್ಯ ಮಾಲಿಯಾಗಿ ಬಂದಿದ್ದ ಜಾಕ್ ವಾಸ್ ವಾಯುಪಡೆಗೆ ಹೊರಟಾಗ ಬಿಟ್ಟುಹೋದ ಸೂಚನೆ ಒಂದೇ: ಬೇಲಿಗಳನ್ನು ನೋಡಿಕೊಳ್ಳಿ, ಉಳಿದದ್ದನ್ನು ಆಮೇಲೆ ಸರಿಮಾಡಬಹುದು. ಹುಲ್ಲುಹಾಸು ಮೇವಿನ ಹುಲ್ಲಾಯಿತು, ಪಾತಿಗಳಲ್ಲಿ ಕಳೆ ತುಂಬಿತು. ಯುದ್ಧ ಮುಗಿದ ಮೇಲೆ ವಾಸ್ ಹಿಂದಿರುಗಿದರು, ಕೆಲವೇ ವರ್ಷಗಳಲ್ಲಿ ತೋಟ ಮೊದಲಿಗಿಂತ ಹೆಚ್ಚು ಹೆಸರು ಮಾಡಿತು. ಕಸುಬಿನ ದೃಷ್ಟಿಯಿಂದ ಇದರಲ್ಲಿ ಅಚ್ಚರಿಯಿಲ್ಲ. ಗುಲಾಬಿ ಗಿಡ ನಾಲ್ಕೈದು ವರ್ಷಕ್ಕೆ ಮೈತುಂಬುತ್ತದೆ. ಯೂ ಬೇಲಿ ಆಳೆತ್ತರ ಮೀರಿ ದಟ್ಟವಾಗಲು ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಬೇಕು. ಒಮ್ಮೆ ಬೆಳೆದರೆ ಮಾತ್ರ ವರ್ಷಕ್ಕೊಂದು ಸಲ ಸವರಿದರೆ ಸಾಕು. ದಪ್ಪವಾಗಿ ದಾರಿಗೆ ಅಡ್ಡ ಬಂದರೆ ಬೊಡ್ಡೆಯವರೆಗೆ ಕಡಿದರೂ ಮತ್ತೆ ಚಿಗುರುತ್ತದೆ, ಸೂಚಿಪರ್ಣಿ ಜಾತಿಯ ಮರಗಳಲ್ಲಿ ಬಹುಪಾಲಿಗೆ ಈ ಗುಣವಿಲ್ಲ. ಗುಲಾಬಿಗೂ ವಾಸ್ ಇಂಥದೇ ಶಿಸ್ತು ಕಲಿಸಿದರು: ಹೇಜಲ್ ಕಡ್ಡಿಗಳನ್ನು ಬಿಲ್ಲಿನಂತೆ ಬಗ್ಗಿಸಿ ನೆಲಕ್ಕೆ ನೆಟ್ಟು, ಉದ್ದನೆಯ ರೆಂಬೆಗಳನ್ನು ಅದಕ್ಕೆ ಬಾಗಿಸಿ ಕಟ್ಟುವ ಪದ್ಧತಿ. ಬಾಗಿದ ರೆಂಬೆ ತುದಿಯಲ್ಲಷ್ಟೇ ಹೂ ಬಿಡದೆ ಮೈಯುದ್ದಕ್ಕೂ ಬಿಡುತ್ತದೆ. ಬೇಸಿಗೆಯ ಪ್ರವಾಸಿ ಸಹಜವೆಂದು ಮೆಚ್ಚುವ ಆ ಹೂರಾಶಿ ಚಳಿಗಾಲದ ಕಟ್ಟುಕಟ್ಟಳೆಯಿಂದ ಹುಟ್ಟಿದ್ದು.

ದುಡ್ಡಿದ್ದವರ ಖಯಾಲಿ, ಮಾಲಿಗಳ ಬೆವರು ಎಂಬ ಆಕ್ಷೇಪಣೆಗೆ ಪೂರ್ತಿ ಉತ್ತರವಿಲ್ಲ. ಆಳುಕಾಳಿಲ್ಲದೆ ಈ ತೋಟ ಒಂದು ವರ್ಷ ನಿಲ್ಲದು. ಆದರೆ ಅದು ಗೋಡೆಯೊಳಗಿನ ಗುಟ್ಟಾಗಿ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. 1938ರಲ್ಲೇ ಸಾರ್ವಜನಿಕರಿಗೆ ತೆರೆಯಿತು. 1946ರಿಂದ 1961ರವರೆಗೆ ವೀಟಾ ‘ಅಬ್ಸರ್ವರ್’ ಪತ್ರಿಕೆಯ ಅಂಕಣದಲ್ಲಿ ತಮ್ಮ ಪ್ರಯೋಗಗಳನ್ನು ಸಣ್ಣ ಹಿತ್ತಿಲಿನವರಿಗೂ ತಲುಪಿಸಿದರು. ಅವರು ತೀರಿಕೊಂಡದ್ದು 1962ರಲ್ಲಿ. 1967ರಲ್ಲಿ ತೋಟ ನ್ಯಾಷನಲ್ ಟ್ರಸ್ಟಿನ ವಶಕ್ಕೆ ಬಂತು. 1959ರಲ್ಲೇ ಬಂದಿದ್ದ ಪ್ಯಾಮೆಲಾ ಶ್ವೆರ್ಟ್ ಮತ್ತು ಸಿಬಿಲ್ ಕ್ರೊಯ್ಟ್ಸ್‌ಬರ್ಗರ್ ಎಂಬ ಇಬ್ಬರು ಮುಖ್ಯ ಮಾಲಿಗಳು ಮೂರು ದಶಕ ನಿಂತು, ಬೇಸಿಗೆಗೆ ಮುಗಿಯುತ್ತಿದ್ದ ಹೂವಿನ ಕಾಲವನ್ನು ಶರತ್ಕಾಲದವರೆಗೆ ಎಳೆದರು. ನನ್ನ ಲೆಕ್ಕದಲ್ಲಿ ಈ ತೋಟದ ಕರ್ತೃತ್ವದಲ್ಲಿ ಅವರಿಗೂ ಸಮಪಾಲಿದೆ, ಪುಸ್ತಕಗಳ ರಕ್ಷಾಪುಟದಲ್ಲಿ ಹೆಸರಿಲ್ಲದಿದ್ದರೂ. ಆ ಪರಿಪೂರ್ಣತೆಯೇ ಅತಿಯಾಯಿತು, ವೀಟಾ ಬಿಟ್ಟ ಸಡಿಲ ಕಳೆದುಹೋಯಿತು ಎಂಬ ದೂರು ಬಂದಾಗ 2013ರಿಂದ ಮುಖ್ಯ ಮಾಲಿಯಾದ ಟ್ರಾಯ್ ಸ್ಕಾಟ್ ಸ್ಮಿತ್ ನೆಡುವ ರೀತಿಯನ್ನು ಮತ್ತೆ ಸಡಿಲಗೊಳಿಸತೊಡಗಿದರು. ಈ ಎಲ್ಲ ತಿದ್ದುಪಡಿಗಳ ನಡುವೆಯೂ ಹೆರಾಲ್ಡ್ ಎಳೆದ ಮೂಲ ಗೆರೆಗಳು ಉಳಿದುಕೊಂಡಿವೆ.

ಹೋಗುವವರು ಮೊದಲು ಗೋಪುರದ 78 ಮೆಟ್ಟಿಲು ಹತ್ತುವುದು ಒಳ್ಳೆಯದು; ನೆಲದಲ್ಲಿ ನಿಂತವರಿಗೆ ಎಂದೂ ಒಟ್ಟಿಗೆ ಕಾಣದ ಅಂಕಣಗಳು, ಬೇಲಿ ಮರೆಮಾಡಿದ ಓರೆಗಳ ಸಮೇತ, ಮೇಲಿನಿಂದ ನಕ್ಷೆಯಂತೆ ಕಾಣುತ್ತವೆ. ಒಂದು ಸಂಸಾರದ ಓಡಾಟಕ್ಕೆ ಅಳೆದ ದಾರಿಗಳು ಈಗ ಜನಜಂಗುಳಿಗೆ ಸಾಲವು. ಕೆಲವು ಹುಲ್ಲುದಾರಿಗಳಿಗೆ ಕಲ್ಲು ಹಾಸಬೇಕಾಗಿ ಬಂದದ್ದು ಇದೇ ಕಾರಣಕ್ಕೆ. ಇನ್ನೊಂದು ತೊಡಕಿದೆ. ಯೂ ಬೇಲಿಗೆ ಕತ್ತರಿ ಬೀಳುವುದು ಬೇಸಿಗೆಯ ಕೊನೆಗೆ, ಆದ್ದರಿಂದ ಗುಲಾಬಿ ತುಂಬಿರುವ ಜೂನ್ ಕೊನೆಯಲ್ಲಿ ಬೇಲಿಯ ಅಂಚು ಹೊಸ ಚಿಗುರಿನಿಂದ ಕೆದರಿಕೊಂಡಿರುತ್ತದೆ. ಸವರಿದ ಬೇಲಿ ನೋಡಬೇಕೆಂದರೆ ಅಕ್ಟೋಬರ್ ಹೊತ್ತಿಗೆ ಹೋಗಬೇಕು, ಆಗ ಗುಲಾಬಿಯೂ ಇರುವುದಿಲ್ಲ, ಅಷ್ಟು ಜನವೂ ಇರುವುದಿಲ್ಲ.