ಗುಂಡಿಗೆ ಎದುರಾಗುವ ಫಲಕ

1880ನೆಯ ಇಸವಿಯ ಜೂನ್ 28ರ ಬೆಳಗು. ಆಸ್ಟ್ರೇಲಿಯದ ಗ್ಲೆನ್‌ರೋವನ್ ಎಂಬ ಊರಿನಲ್ಲಿ ಮಸುಕು ಬೆಳಕಿನೊಳಗಿಂದ ಕಬ್ಬಿಣದ ಆಕೃತಿಯೊಂದು ಪೋಲೀಸರತ್ತ ನಡೆದುಬಂದಿತು. ಗುಂಡುಗಳು ತಾಗಿದರೂ ಅದು ಬೀಳಲಿಲ್ಲ. ಆತನೇ ನೆಡ್ ಕೆಲಿ ಎಂಬ ದರೋಡೆಕಾರ. ನೇಗಿಲುಗಳ ಕಬ್ಬಿಣವನ್ನು ಬಡಿದು ಮಾಡಿದ ಅವನ ಕವಚವು ಸುಮಾರು 44 ಕಿಲೋಗ್ರಾಂ ತೂಗುತ್ತಿತ್ತು. ಕಡೆಗೆ ಪೋಲೀಸರು ಕವಚವಿಲ್ಲದ ಕಾಲುಗಳಿಗೆ ಗುರಿಯಿಟ್ಟು ಅವನನ್ನು ಕೆಡವಿದರು. ಅಗ್ಗದ ಕವಚವು ಗುಂಡನ್ನೇನೋ ತಡೆಯಿತು. ಆದರೆ ಹಣದಲ್ಲಿ ಉಳಿದುದನ್ನು ಅವನು ಭಾರದಲ್ಲಿ ತೆತ್ತನು.

ಯುದ್ಧರಂಗಕ್ಕೆ ಹೋಗುವ ಪತ್ರಕರ್ತನಿಗೂ, ಗಾಯಾಳುಗಳನ್ನು ಹೊತ್ತು ತರುವ ಸ್ವಯಂಸೇವಕನಿಗೂ ಇಂದು ಇದೇ ಲೆಕ್ಕವು ಎದುರಾಗುತ್ತದೆ. ಕೈಯಲ್ಲಿರುವುದು ಸ್ವಲ್ಪ ಹಣ, ಕಾಪಾಡಬೇಕಾದುದು ಪ್ರಾಣ. ಹಾಗಾದರೆ ಯಾವುದರಲ್ಲಿ ಉಳಿತಾಯ ಮಾಡಬಹುದು, ಯಾವುದರಲ್ಲಿ ಮಾಡಬಾರದು?

ಮೊದಲು ಉಕ್ಕನ್ನು ನೋಡೋಣ. 25 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರ, 6 ಮಿಲಿಮೀಟರ್ ದಪ್ಪದ ಉಕ್ಕಿನ ಫಲಕವು ಸುಮಾರು ಮೂರೂವರೆ ಕಿಲೋಗ್ರಾಂ ತೂಗುತ್ತದೆ. ಎದೆಗೊಂದು, ಬೆನ್ನಿಗೊಂದು ಎಂದರೆ ಏಳು ಕಿಲೋಗ್ರಾಂ. ಇದರ ಬೆಲೆ ಕಡಿಮೆ, ಬಾಳಿಕೆ ಹೆಚ್ಚು. ಆದರೆ ಗಟ್ಟಿಯಾದ ಉಕ್ಕಿಗೆ ಬಡಿದ ಗುಂಡು ಸಿಡಿದು ಚೂರಾಗಿ, ಆ ಚೂರುಗಳು ಧರಿಸಿದವನ ಗಂಟಲಿಗೂ ಗಲ್ಲಕ್ಕೂ ತೋಳಿಗೂ ಹಾರಬಲ್ಲವು. ಇದಲ್ಲದೆ, ಗಾತ್ರದಲ್ಲಿ ಚಿಕ್ಕದಾದರೂ ಅತಿ ವೇಗದ ಕೆಲವು ರೈಫಲ್ ಗುಂಡುಗಳು ಹತ್ತಿರದಿಂದ ಹಾರಿದಾಗ ಇಂತಹ ಉಕ್ಕನ್ನು ತೂತುಮಾಡುವುದುಂಟು.

ಸಿರಾಮಿಕ್ ಫಲಕದ ರೀತಿಯೇ ಬೇರೆ. ಪಿಂಗಾಣಿಯ ಬಳಗಕ್ಕೆ ಸೇರಿದ ಈ ಕಠಿಣ ವಸ್ತುವು ಗುಂಡಿನ ಮೂತಿಯನ್ನು ಮುರಿದು, ತಾನೂ ಒಡೆಯುತ್ತದೆ. ಹಿಂದಿರುವ ಎಳೆಗಳ ಪದರವು ಚೂರುಗಳನ್ನು ಬಲೆಯಂತೆ ಹಿಡಿಯುತ್ತದೆ. ನೀರಿಗೆ ಹೋಲಿಸಿದರೆ ಉಕ್ಕು ಸುಮಾರು 7.8 ಪಟ್ಟು, ಅಲ್ಯೂಮಿನ 3.9 ಪಟ್ಟು, ಸಿಲಿಕನ್ ಕಾರ್ಬೈಡ್ 3.2 ಪಟ್ಟು, ಬೋರಾನ್ ಕಾರ್ಬೈಡ್ 2.5 ಪಟ್ಟು ಸಾಂದ್ರ. ಈ ಮೂರು ಸಿರಾಮಿಕ್‌ಗಳಲ್ಲಿ ಹಗುರವಾದಷ್ಟೂ ಬೆಲೆ ಹೆಚ್ಚು. ಪಾಲಿಎಥಿಲೀನ್ ಎಳೆಗಳ ಫಲಕವಂತೂ ನೀರಿನ ಮೇಲೆ ತೇಲುವಷ್ಟು ಹಗುರ. ಆದರೆ ಅದು ಒಂಟಿಯಾಗಿದ್ದರೆ ಉಕ್ಕಿನ ಮೊನೆಯ ಗುಂಡು ಅದನ್ನು ಭೇದಿಸಿ ಹೋಗಬಹುದು.

ಇಲ್ಲಿಯೇ ಮಿತವ್ಯಯದ ಗುಟ್ಟು ಅಡಗಿದೆ. ಒಂದೇ ಪರೀಕ್ಷೆಯಲ್ಲಿ ತೇರ್ಗಡೆಯಾದ ಅಲ್ಯೂಮಿನ ಫಲಕವೂ ಬೋರಾನ್ ಕಾರ್ಬೈಡ್ ಫಲಕವೂ ಆ ಪರೀಕ್ಷೆಯ ಗುಂಡನ್ನು ಸಮನಾಗಿ ತಡೆಯುತ್ತವೆ. ಅಧಿಕ ಹಣವು ಮುಖ್ಯವಾಗಿ ಭಾರವನ್ನು ಇಳಿಸುವುದಕ್ಕಾಗಿ. ಆದುದರಿಂದ ಬಡವನು ಭಾರವನ್ನು ಒಪ್ಪಿಕೊಳ್ಳಬಹುದು, ಪರೀಕ್ಷೆಯನ್ನು ಬಿಟ್ಟುಕೊಡಬಾರದು.

ಆ ಪರೀಕ್ಷೆಯಾದರೂ ಎಂತಹುದು? ಅಮೆರಿಕೆಯ ರಾಷ್ಟ್ರೀಯ ನ್ಯಾಯ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ಮಾನಕದಲ್ಲಿ ರೈಫಲ್ ಗುಂಡುಗಳಿಗೆ ಮೂರು ಮಟ್ಟಗಳಿವೆ. ಅತ್ಯುಚ್ಚ ಮಟ್ಟದ ಫಲಕವು ಸೆಕೆಂಡಿಗೆ ಸುಮಾರು 878 ಮೀಟರ್ ವೇಗದ ಕವಚಭೇದಿ ಗುಂಡನ್ನು ತಡೆಯಬೇಕು. ಗುಂಡು ನಿಂತರಷ್ಟೇ ಸಾಲದು. ಹಿಂದಿಟ್ಟ ಜೇಡಿಯಲ್ಲಿ ಬೀಳುವ ಕುಳಿಯ ಆಳಕ್ಕೂ 44 ಮಿಲಿಮೀಟರಿನ ಮಿತಿಯುಂಟು. ಏಕೆಂದರೆ ತೂತಾಗದ ಫಲಕದ ಪೆಟ್ಟೂ ಪಕ್ಕೆಲುಬನ್ನು ಮುರಿಯಬಲ್ಲುದು. ನಮ್ಮ ದೇಶದಲ್ಲಿ ಭಾರತೀಯ ಮಾನಕ ಸಂಸ್ಥೆಯು 2018ರಲ್ಲಿ ಆರು ಮಟ್ಟಗಳ ಮಾನಕವನ್ನು ಹೊರತಂದಿತು. ಅದರ ಆರನೆಯ ಮಟ್ಟಕ್ಕೆ ಒದಗುವ ಹಗುರ ಕವಚವನ್ನು ಕಾನ್ಪುರದ ರಕ್ಷಣಾ ಸಂಶೋಧನಾಲಯವು ರೂಪಿಸಿದುದಾಗಿ 2024ರಲ್ಲಿ ಪ್ರಕಟವಾಯಿತು.

ಕೊಳ್ಳುವವನು ಇನ್ನೊಂದು ಮಾತನ್ನು ಗಮನಿಸಬೇಕು. ಕೆಲವು ಫಲಕಗಳು ಒಂಟಿಯಾಗಿಯೇ ಕಾಯುತ್ತವೆ. ಕೆಲವಕ್ಕೆ ಹಿಂದೆ ಮೆದು ಕವಚವೂ ಬೇಕು. ಎರಡನೆಯ ಬಗೆಯದು ಅಗ್ಗವೆಂದು ತಂದು ಬರಿಯ ಅಂಗಿಯ ಮೇಲೆ ಧರಿಸಿದರೆ ಉಳಿತಾಯವು ಅಲ್ಲಿಗೆ ವ್ಯರ್ಥ.

ಹಳೆಯ ಸರಕಿನ ವಿಷಯದಲ್ಲಂತೂ ಎಚ್ಚರವು ಅಗತ್ಯ. ಕೆಳಗೆ ಬಿದ್ದ ಸಿರಾಮಿಕ್‌ನೊಳಗಿನ ಬಿರುಕು ಹೊರಗೆ ಕಾಣದಿರಬಹುದು. 2003ರಲ್ಲಿ ಅಮೆರಿಕೆಯ ಪೆನ್ಸಿಲ್ವೇನಿಯದಲ್ಲಿ ಪೋಲೀಸನೊಬ್ಬನ ಜೈಲಾನ್ ಎಳೆಯ ಮೆದು ಕವಚವನ್ನು, ಅದು ತಡೆಯಬೇಕಾಗಿದ್ದ ಗುಂಡೇ ತೂರಿಹೋಯಿತು. ಶಾಖ ಮತ್ತು ತೇವದಿಂದ ಆ ಎಳೆಯು ಕುಂದುವುದೆಂದು ತಿಳಿದುಬಂದು, 2005ರಲ್ಲಿ ಅಂತಹ ಕವಚಗಳಿಗೆ ಮಾನ್ಯತೆ ತಪ್ಪಿತು.

ಆದುದರಿಂದ ಬೆಲೆಯ ಚೀಟಿಯನ್ನು ಓದುವ ಮೊದಲು ಫಲಕದ ಹಿಂಬದಿಯ ಚೀಟಿಯನ್ನು ಓದಬೇಕು: ಯಾವ ಮಾನಕ, ಯಾವ ಮಟ್ಟ, ಯಾವ ವರ್ಷದ ತಯಾರಿಕೆ, ಒಂಟಿಯೋ ಜೊತೆಯೋ. ಈ ನಾಲ್ಕಕ್ಕೂ ಉತ್ತರ ಸಿಗದ ಫಲಕವು ಎಷ್ಟು ಅಗ್ಗವಾದರೂ ತುಟ್ಟಿಯೇ.